ಕೊಂಡವರು ಯಾರು? 1920ರ ‘ಕ್ರೇಜಿ ಬ್ಲೂಸ್’ ರೆಕಾರ್ಡ್: ಒಂದು ಪ್ರಕರಣ ಅಧ್ಯಯನ

ಜಾಜ್ ಯುಗ ಅಂದ ಕೂಡಲೇ ನೆನಪಾಗೋದು ಮೊಣಕಾಲುದ್ದದ ಫ್ರಾಕು, ಕತ್ತರಿಸಿದ ಕೂದಲು, ಕದ್ದುಮುಚ್ಚಿ ನಡೆಯುವ ಬಾರು, ಬೆಳಗಿನ ತನಕ ಕುಣಿತ. ಅದೆಲ್ಲ ನಡೆದದ್ದು ನಿಜ. ಆದರೆ 1920ರ ದಶಕದ ಅಮೆರಿಕದಲ್ಲಿ ಸಮಾಜ ಎಷ್ಟು ಬದಲಾಯಿತು, ಎಲ್ಲಿ ಬದಲಾಗದೆ ನಿಂತಿತು ಅಂತ ನೋಡೋಕೆ ನನಗೆ ಒಂದು ಗ್ರಾಮಫೋನ್ ಪ್ಲೇಟೇ ಸಾಕು ಅನ್ನಿಸುತ್ತದೆ. 1920ರ ಆಗಸ್ಟ್ 10ರಂದು ನ್ಯೂಯಾರ್ಕಿನಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿ ಒಕೆ ಎಂಬ ರೆಕಾರ್ಡ್ ಕಂಪನಿಗಾಗಿ ‘ಕ್ರೇಜಿ ಬ್ಲೂಸ್’ ಹಾಡಿದರು. ಬ್ಲೂಸ್ ಅಂದರೆ ದಕ್ಷಿಣದ ಕಪ್ಪು ಜನರ ನಡುವೆ ಹುಟ್ಟಿದ, ನೋವು ತೋಡಿಕೊಳ್ಳುವ ಹಾಡು. ಕಪ್ಪು ಹೆಣ್ಣೊಬ್ಬಳ ದನಿಯಲ್ಲಿ ಅಚ್ಚಾದ ಮೊದಲ ಬ್ಲೂಸ್ ರೆಕಾರ್ಡ್ ಅದು. ಅದು ಹೇಗೆ ಹುಟ್ಟಿತು ಅನ್ನೋದಕ್ಕಿಂತ ಅದನ್ನು ಯಾರು ಕೊಂಡರು ಅನ್ನೋದು ದೊಡ್ಡ ವಿಷಯ. ಕಂಪನಿಗಳ ಮನಸ್ಸು ತಾನಾಗಿ ಬದಲಾಗಲಿಲ್ಲ. ಮನೆಗೆಲಸದ ಹೆಂಗಸರು, ರೈಲ್ವೆ ಪೋರ್ಟರುಗಳು, ಕಸಾಯಿಖಾನೆ ಕೆಲಸಗಾರರು ಒಂದೊಂದು ಡಾಲರ್ ಕೊಟ್ಟು ಬದಲಾಯಿಸಿದರು.

ಆ ವರ್ಷದ ಅಮೆರಿಕ

1920ರ ಜನವರಿ 17ಕ್ಕೆ ದೇಶದಾದ್ಯಂತ ಪಾನನಿಷೇಧ ಜಾರಿಗೆ ಬಂತು. ಆಗಸ್ಟ್ 18ಕ್ಕೆ ಟೆನೆಸಿ ರಾಜ್ಯ ಒಪ್ಪಿಗೆ ಕೊಟ್ಟಿತು, ಹೆಂಗಸರಿಗೆ ಮತದ ಹಕ್ಕು ಕೊಡುವ 19ನೇ ತಿದ್ದುಪಡಿ ಗೆದ್ದಿತು. ಮೇಮಿ ಸ್ಟುಡಿಯೊದಲ್ಲಿ ಹಾಡಿ ಎಂಟೇ ದಿನ ಆಗಿತ್ತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಹೆಂಗಸರಲ್ಲಿ ಹೆಚ್ಚಿನವರಿಗೆ ಆ ಹಕ್ಕು ನಿಜವಾಗಿ ದಕ್ಕಿದ್ದು 1965ರ ಮತದಾನ ಹಕ್ಕು ಕಾಯ್ದೆಯ ನಂತರ. ಜಾಜ್ ಯುಗದ ಎಲ್ಲ ಬದಲಾವಣೆಗೂ ಹೀಗೆ ಬಣ್ಣದ ಒಂದು ಗೆರೆ ಅಡ್ಡ ಇತ್ತು.

ಅದೇ ಹೊತ್ತಿಗೆ ಜನ ಊರು ಬಿಡುತ್ತಿದ್ದರು. ದಕ್ಷಿಣದ ಹತ್ತಿ ಹೊಲ, ತೀರದ ಸಾಲ, ಮರಕ್ಕೆ ನೇಣು ಹಾಕುವ ಗುಂಪುಗಳ ಭಯ, ಇವನ್ನೆಲ್ಲ ಬಿಟ್ಟು ಕಪ್ಪು ಕುಟುಂಬಗಳು ರೈಲು ಹತ್ತಿ ಉತ್ತರಕ್ಕೆ ಬಂದವು. 1910ರಲ್ಲಿ ಶಿಕಾಗೊದಲ್ಲಿದ್ದ ಕಪ್ಪು ಜನ ಸುಮಾರು 44 ಸಾವಿರ. 1920ಕ್ಕೆ ಅದು 1 ಲಕ್ಷ 9 ಸಾವಿರ ದಾಟಿತು. ನ್ಯೂಯಾರ್ಕಿನಲ್ಲಿ 92 ಸಾವಿರ ಇದ್ದದ್ದು ಒಂದೂವರೆ ಲಕ್ಷ ಆಯಿತು. ಉತ್ತರವೇನೂ ಕೈಬೀಸಿ ಕರೆದು ಕೂರಿಸಲಿಲ್ಲ. 1919ರ ಬೇಸಿಗೆಯಲ್ಲಿ ಊರೂರಲ್ಲಿ ಗಲಭೆ ಎದ್ದಿತು. ಶಿಕಾಗೊ ಒಂದರಲ್ಲೇ 38 ಜನ ಸತ್ತರು, ಅವರಲ್ಲಿ 23 ಮಂದಿ ಕಪ್ಪು ಜನ. ಕೆರೆದಂಡೆಯ ಈಜುತಾಣದಲ್ಲಿ ಬಿಳಿಯರ ಕಡೆಗೆ ತೇಲಿ ಬಂದ ಒಬ್ಬ ಕಪ್ಪು ಹುಡುಗನಿಗೆ ಕಲ್ಲು ಬಿದ್ದು ಅವನು ಮುಳುಗಿ ಸತ್ತದ್ದರಿಂದ ಆ ಗಲಭೆ ಶುರುವಾಗಿತ್ತು.

ಹೀಗಿದ್ದರೂ ಉತ್ತರದಲ್ಲಿ ವಾರದ ಕೊನೆಗೆ ಕೈಗೆ ನಗದು ಕೂಲಿ ಸಿಗುತ್ತಿತ್ತು. ಈ ಪ್ರಕರಣದ ಬೇರು ಇರೋದು ಅಲ್ಲೇ.

ಕಂಪನಿಗಳಿಗೆ ಕಾಣದ ಗಿರಾಕಿ

ರೆಕಾರ್ಡ್ ಕಂಪನಿಗಳು ಆಗಲೇ ಅಮೆರಿಕಕ್ಕೆ ವಲಸೆ ಬಂದ ಒಂದೊಂದು ಸಮುದಾಯಕ್ಕೂ ಅವರವರ ಭಾಷೆಯಲ್ಲಿ ಪ್ಲೇಟು ಮಾಡಿ ಮಾರುತ್ತಿದ್ದವು. ಇಟಾಲಿಯನ್ನರಿಗೆ ಬೇರೆ, ಪೋಲಿಷ್ ಜನಕ್ಕೆ ಬೇರೆ, ಯಿಡ್ಡಿಷ್ ಮಾತಾಡುವ ಯೆಹೂದಿಗಳಿಗೆ ಬೇರೆ. ಆದರೆ 1920ರ ಜನಗಣತಿಯಂತೆ ದೇಶದಲ್ಲಿದ್ದ ಒಂದು ಕೋಟಿಗೂ ಜಾಸ್ತಿ ಕಪ್ಪು ಜನರಿಗಾಗಿ ಮಾತ್ರ ಯಾರೂ ಏನೂ ಮಾಡುತ್ತಿರಲಿಲ್ಲ. ಅವರ ಹತ್ತಿರ ಗ್ರಾಮಫೋನ್ ಇರೋದಿಲ್ಲ, ಇದ್ದರೂ ಕೊಳ್ಳೋದಿಲ್ಲ ಅನ್ನೋದು ಕಂಪನಿಗಳ ನಂಬಿಕೆ.

ಕಪ್ಪು ಕಲಾವಿದರು ಅದಕ್ಕೆ ಮೊದಲು ರೆಕಾರ್ಡ್ ಮಾಡಿಯೇ ಇರಲಿಲ್ಲ ಅಂತಲ್ಲ. ಜಾರ್ಜ್ ಡಬ್ಲ್ಯು. ಜಾನ್ಸನ್ 1890ರ ದಶಕದಲ್ಲೇ ಹಾಡಿದ್ದರು. ಬರ್ಟ್ ವಿಲಿಯಮ್ಸ್ ದೊಡ್ಡ ಹಾಸ್ಯನಟ, ಅವರ ಪ್ಲೇಟುಗಳು ಚೆನ್ನಾಗಿ ಓಡುತ್ತಿದ್ದವು. ಫಿಸ್ಕ್ ವಿಶ್ವವಿದ್ಯಾಲಯದ ಗಾಯಕರು ಭಕ್ತಿಗೀತೆ ಹಾಡಿದ್ದರು, ಜೇಮ್ಸ್ ರೀಸ್ ಯುರೋಪ್ ಅವರ ಬ್ಯಾಂಡ್ ನುಡಿಸಿತ್ತು. ಆದರೆ ಇವೆಲ್ಲವನ್ನೂ ಕಂಪನಿಗಳು ಮುಖ್ಯವಾಗಿ ಬಿಳಿಯ ಗಿರಾಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದವು. ಜಾಜ್ ಹೆಸರಿನಲ್ಲಿ 1917ರಲ್ಲಿ ಬಂದ ಮೊದಲ ರೆಕಾರ್ಡ್ ನುಡಿಸಿದ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡಿನವರೂ ಬಿಳಿಯರೇ. ಬ್ಲೂಸ್ ಹಾಡುಗಳೂ ಅಷ್ಟೇ: ಡಬ್ಲ್ಯು. ಸಿ. ಹ್ಯಾಂಡಿ ಅಂಥವರು ಬರೆದು ಅಚ್ಚು ಹಾಕಿಸುತ್ತಿದ್ದರು, ಪ್ಲೇಟಿನಲ್ಲಿ ಹಾಡುತ್ತಿದ್ದವರು ಮೇರಿಯನ್ ಹ್ಯಾರಿಸ್‌ರಂಥ ಬಿಳಿಯ ಗಾಯಕಿಯರು.

‘ಹೇಸರಗತ್ತೆ’ ಬ್ರಾಡ್‌ಫರ್ಡ್

ಪೆರ್ರಿ ಬ್ರಾಡ್‌ಫರ್ಡ್ ಅಲಬಾಮಾದಲ್ಲಿ ಹುಟ್ಟಿ ಅಟ್ಲಾಂಟಾದಲ್ಲಿ ಬೆಳೆದ ಹಾಡುಗಾರ, ಪಿಯಾನೊ ವಾದಕ, ಹಾಡು ಕಟ್ಟುವವರು. ಹಟ ಹಿಡಿದರೆ ಬಿಡದ ಆಸಾಮಿ. ಅದಕ್ಕೇ ಜನ ಅವರನ್ನು ‘ಹೇಸರಗತ್ತೆ’ ಅಂತ ಕರೆಯುತ್ತಿದ್ದರು. ನಾಟಕ ಕಂಪನಿಗಳ ಜತೆ ದಕ್ಷಿಣವೆಲ್ಲ ಸುತ್ತಿದ್ದವರು, ಹಾಗಾಗಿ ಅಲ್ಲಿನ ಜನ ಏನು ಕೇಳಿ ಚಪ್ಪಾಳೆ ಹೊಡೆಯುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮವರ ದನಿಯಲ್ಲಿ ನಮ್ಮ ಹಾಡು ಬಂದರೆ ನಮ್ಮವರು ಕೊಳ್ಳುತ್ತಾರೆ ಅಂತ ಹೇಳಿಕೊಂಡು ನ್ಯೂಯಾರ್ಕಿನ ಕಂಪನಿಗಳ ಬಾಗಿಲು ತಟ್ಟುತ್ತಾ ಓಡಾಡಿದರು. ದೊಡ್ಡ ಕಂಪನಿಗಳಲ್ಲಿ ಕೆಲಸ ಆಗಲಿಲ್ಲ.

ಕಿವಿಗೊಟ್ಟವರು ಒಕೆ ಕಂಪನಿಯ ಫ್ರೆಡ್ ಹೇಗರ್. ಒಕೆಯನ್ನು ಜರ್ಮನಿಯಲ್ಲಿ ಹುಟ್ಟಿದ ಓಟೊ ಹೈನೆಮನ್ 1918ರಲ್ಲಿ ಶುರುಮಾಡಿದ್ದರು. ಹೊಸ, ಸಣ್ಣ ಕಂಪನಿ. ವಿಕ್ಟರ್, ಕೊಲಂಬಿಯಾ ಎಂಬ ದೊಡ್ಡ ಕಂಪನಿಗಳ ಪೇಟೆಂಟ್ ಹಿಡಿತ ಆಗಷ್ಟೇ ಸಡಿಲವಾಗುತ್ತಿತ್ತು, ಸಣ್ಣವರೂ ಎಲ್ಲ ಯಂತ್ರದಲ್ಲೂ ಓಡುವ ಪ್ಲೇಟು ತರಲು ಮುಂದಾಗಿದ್ದರು. ದೊಡ್ಡವರ ಜತೆ ಪೈಪೋಟಿಗೆ ಇಳಿದವರಿಗೆ ದೊಡ್ಡವರು ಮುಟ್ಟದ ಗಿರಾಕಿಯೇ ಬೇಕು, ಅಲ್ವಾ? ಹೇಗರ್ ಮೊದಲು ಯೋಚಿಸಿದ್ದು ಸೋಫಿ ಟಕರ್ ಎಂಬ ಹೆಸರಾಂತ ಬಿಳಿಯ ಗಾಯಕಿಯನ್ನು. ಅವರು ಸಿಗಲಿಲ್ಲ. ಬ್ರಾಡ್‌ಫರ್ಡ್ ಪಟ್ಟು ಹಿಡಿದು ಮೇಮಿ ಹೆಸರು ಮುಂದಿಟ್ಟರು. ಕಪ್ಪು ಹೆಂಗಸನ್ನು ಹಾಡಿಸಿದರೆ ನಿಮ್ಮ ಸರಕನ್ನೇ ಬಹಿಷ್ಕರಿಸುತ್ತೇವೆ ಅಂತ ಹೇಗರ್‌ಗೆ ಬೆದರಿಕೆ ಪತ್ರಗಳು ಬಂದವು ಎಂದು ಬ್ರಾಡ್‌ಫರ್ಡ್ ಮುಂದೆ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ.

ಮೇಮಿ ಸಿನ್ಸಿನಾಟಿಯವರು. ಚಿಕ್ಕ ವಯಸ್ಸಿಗೇ ನಾಟಕ ತಂಡ ಸೇರಿ ಕುಣಿತ, ಹಾಡು ಎರಡರಲ್ಲೂ ಪಳಗಿದವರು. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಬ್ರಾಡ್‌ಫರ್ಡ್ ಅವರ ಪ್ರದರ್ಶನದಲ್ಲಿ ‘ಹಾರ್ಲೆಮ್ ಬ್ಲೂಸ್’ ಎಂಬ ಹಾಡನ್ನು ಹಾಡಿ ಹೆಸರು ಮಾಡಿದ್ದರು. ಅದೇ ಹಾಡು ಹೆಸರು ಬದಲಿಸಿಕೊಂಡು ‘ಕ್ರೇಜಿ ಬ್ಲೂಸ್’ ಆಯಿತು.

ಎರಡು ದಿನ, ಎರಡು ರೀತಿ

1920ರ ಫೆಬ್ರವರಿ 14ರಂದು ಮೇಮಿ ಮೊದಲ ಸಲ ಒಕೆಗೆ ಹಾಡಿದರು. ಎರಡು ಹಾಡು, ಎರಡೂ ಬ್ರಾಡ್‌ಫರ್ಡ್ ಅವರವೇ. ಆದರೆ ಅವು ಬ್ಲೂಸ್ ಅಲ್ಲ, ಹಿಂದೆ ನುಡಿಸಿದವರು ಕಂಪನಿಯ ಬಿಳಿಯ ವಾದ್ಯಗಾರರು. ಕಂಪನಿ ನೀರಿಗೆ ಕಾಲಿಟ್ಟು ಆಳ ನೋಡುತ್ತಿತ್ತು. ಪ್ಲೇಟು ಸುಮಾರಾಗಿ ಮಾರಾಟವಾಯಿತು, ಬಹಿಷ್ಕಾರದಿಂದ ಯಾರೂ ಮುಳುಗಲಿಲ್ಲ. ಆಗ ಆಗಸ್ಟಿಗೆ ಮತ್ತೆ ಕರೆ ಬಂತು. ಈ ಸಲ ಹಾಡು ಬ್ಲೂಸ್, ಹಿಂದೆ ನಿಂತವರು ಕಪ್ಪು ವಾದ್ಯಗಾರರು. ತಂಡಕ್ಕೆ ‘ಜಾಜ್ ಹೌಂಡ್ಸ್’ ಅಂತ ಹೆಸರಿಟ್ಟರು.

ಆಗಿನ್ನೂ ಮೈಕ್ ಇಲ್ಲ. ವಿದ್ಯುತ್ ರೆಕಾರ್ಡಿಂಗ್ ಬಂದದ್ದು 1925ರಲ್ಲಿ. ಗೋಡೆಯಿಂದ ಹೊರಗೆ ಚಾಚಿದ ಒಂದು ದೊಡ್ಡ ತಗಡಿನ ಹಾರ್ನ್ ಎದುರು ನಿಂತು ಹಾಡಬೇಕು. ಅದರ ಇನ್ನೊಂದು ತುದಿಯಲ್ಲಿ ತೆಳು ಪೊರೆ, ಅದಕ್ಕೆ ಸೇರಿದ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ದಪ್ಪ ತಟ್ಟೆ. ದನಿಯ ಬಲದಿಂದಲೇ ಮೇಣದಲ್ಲಿ ಗೀರು ಬೀಳಬೇಕು. ಮೆಲ್ಲಗೆ ಹಾಡಿದರೆ ಏನೂ ಮೂಡೋದಿಲ್ಲ, ಜೋರಾಗಿ ಡೋಲು ಬಾರಿಸಿದರೆ ಸೂಜಿ ಎಗರುತ್ತದೆ. ಅದಕ್ಕೇ ಡೋಲನ್ನು ಆದಷ್ಟು ದೂರ ಇಡುತ್ತಿದ್ದರು, ಗಾಯಕಿಯನ್ನು ಹಾರ್ನ್ ಬಾಯಿಗೆ ಹತ್ತಿರ ನಿಲ್ಲಿಸುತ್ತಿದ್ದರು. ಹತ್ತಿಂಚಿನ ಪ್ಲೇಟಿನಲ್ಲಿ ಮೂರು ನಿಮಿಷ ಚಿಲ್ಲರೆ ಜಾಗ. ತಪ್ಪಾದರೆ ತಿದ್ದುವ ದಾರಿಯಿಲ್ಲ, ಮೊದಲಿಂದ ಹಾಡಬೇಕು. ನಾಟಕಮಂದಿರಗಳಲ್ಲಿ ಕೊನೆಯ ಸಾಲಿನವರಿಗೂ ಕೇಳುವಂತೆ ಹಾಡಿ ಗಟ್ಟಿಯಾದ ಮೇಮಿಯವರ ಕಂಠ ಈ ಯಂತ್ರಕ್ಕೆ ಹೇಳಿ ಮಾಡಿಸಿದಂತಿತ್ತು.

ಇವತ್ತಿಗೂ ಆ ರೆಕಾರ್ಡ್ ಕೇಳಲು ಸಿಗುತ್ತದೆ. ಕಿವಿಗೆ ಮೊದಲು ಹೊಡೆಯೋದು ಟ್ರಾಂಬೋನಿನ ಜಾರು ಸ್ವರ. ಗಾಯಕಿಯ ಸಾಲು ಮುಗಿಯುವ ಮೊದಲೇ ಅದು ಕೆಳಗಿನಿಂದ ಎಳೆದುಕೊಂಡು ಬಂದು ಉತ್ತರ ಕೊಡುತ್ತದೆ. ಕ್ಲಾರಿನೆಟ್ ಮೇಲೆ ಹೆಣೆದುಕೊಳ್ಳುತ್ತದೆ, ಪಿಟೀಲೂ ಇದೆ. ಪಿಯಾನೊ ನುಡಿಸಿದ್ದು ಯಾರು ಅನ್ನೋದರ ಬಗ್ಗೆ ಸಂಗೀತ ಬಲ್ಲವರಲ್ಲಿ ಇನ್ನೂ ವಾದವಿದೆ. ಹಾಡಿನ ಕಟ್ಟು ಹನ್ನೆರಡು ತಾಳಖಂಡ (ಬಾರ್) ಸುತ್ತಿ ಬರುವ ಶುದ್ಧ ಬ್ಲೂಸ್ ಅಲ್ಲ, ನಾಟಕರಂಗದ ಹಾಡಿನ ಭಾಗಗಳೂ ಸೇರಿವೆ. ಇದೇ ಕಾರಣಕ್ಕೆ ಕೆಲವರು ಇದನ್ನು ನಿಜವಾದ ಬ್ಲೂಸ್ ಅಂತ ಒಪ್ಪುವುದಿಲ್ಲ. ನನಗೆ ಆ ತಕರಾರು ಸರಿ ಕಾಣೋದಿಲ್ಲ. ಮೊದಲ ಸಲ ತಮ್ಮವಳೊಬ್ಬಳ ದನಿ ಯಂತ್ರದಿಂದ ಕೇಳಿದ ಜನರಿಗೆ ಅದು ಬ್ಲೂಸೇ ಆಗಿತ್ತು.

ಮೇಲ್ನೋಟಕ್ಕೆ ಇದು ಬಿಟ್ಟುಹೋದ ಗಂಡಸಿಗಾಗಿ ಅಳುವ ಹಾಡು. ಆದರೆ ಕೊನೆಯ ಚರಣಕ್ಕೆ ಬಂದಾಗ ಅವಳು ಮತ್ತೇರಿಸಿಕೊಂಡು, ಬಂದೂಕು ಹಿಡಿದು, ಒಬ್ಬ ಪೊಲೀಸನನ್ನು ಹೊಡೆಯುತ್ತೇನೆ ಅನ್ನುತ್ತಾಳೆ. 1919ರ ಗಲಭೆಗಳಲ್ಲಿ ಪೊಲೀಸರು ಯಾರ ಪರ ನಿಂತರು ಅಂತ ಹಾರ್ಲೆಮ್, ಶಿಕಾಗೊದ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಅದಾದ ಮರುವರ್ಷವೇ ಈ ಸಾಲು ಒಂದು ವ್ಯಾಪಾರಿ ರೆಕಾರ್ಡಿನಲ್ಲಿ ಅಚ್ಚಾಗಿ ಮನೆಮನೆಗೆ ಹೋಯಿತು. ಪ್ರೀತಿಯ ಹಾಡಿನೊಳಗೆ ಸಿಟ್ಟನ್ನು ಇಟ್ಟು ದಾಟಿಸುವ ಈ ಕಲೆ ಬ್ಲೂಸ್‌ಗೆ ಹಳೆಯದು. ಕಂಪನಿಯವರು ಅಷ್ಟಾಗಿ ಕಿವಿಗೊಡಲಿಲ್ಲವೇನೋ, ಕೊಂಡವರು ಕಿವಿಗೊಟ್ಟಿರುತ್ತಾರೆ.

ಪೋರ್ಟರನ ಚೀಲದಲ್ಲಿ

ಮೊದಲ ತಿಂಗಳಲ್ಲೇ 75 ಸಾವಿರ ಪ್ಲೇಟು ಹೋಯಿತು ಅನ್ನೋದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬೆಲೆ ಒಂದು ಡಾಲರ್. 1920ರ ದಶಕದ ನಡುವೆ ರೈಲಿನ ಮಲಗುವ ಬೋಗಿ ನಡೆಸುವ ಪುಲ್ಮನ್ ಕಂಪನಿಯ ಪೋರ್ಟರ್ ಒಬ್ಬನ ಮೂಲ ಸಂಬಳ ತಿಂಗಳಿಗೆ 70 ಡಾಲರ್ ಒಳಗೇ ಇತ್ತು. ಅಂಥವರಿಗೆ ಒಂದು ಡಾಲರ್ ಸಣ್ಣ ಮೊತ್ತವಲ್ಲ. ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಎಲ್ಲ ಕಳೆದು ಉಳಿದದ್ದರಲ್ಲಿ ಅವರು ಇದನ್ನು ಕೊಂಡರು.

ಈ ಪೋರ್ಟರುಗಳ ಪಾತ್ರವನ್ನು ಸ್ವಲ್ಪ ನಿಂತು ನೋಡಬೇಕು. ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಪಾಲಿಶ್ ಮಾಡುವ ಕೆಲಸ ಕಪ್ಪು ಗಂಡಸರದ್ದು. ಪ್ರಯಾಣಿಕರು ಅವರ ಹೆಸರನ್ನೂ ಕೇಳುತ್ತಿರಲಿಲ್ಲ, ಕಂಪನಿ ಕಟ್ಟಿದ ಜಾರ್ಜ್ ಪುಲ್ಮನ್ ಹೆಸರು ಹಿಡಿದು ಎಲ್ಲರನ್ನೂ ‘ಜಾರ್ಜ್’ ಅನ್ನುತ್ತಿದ್ದರು. ಆದರೆ ಶಿಕಾಗೊ, ನ್ಯೂಯಾರ್ಕಿನಿಂದ ಮಿಸಿಸಿಪ್ಪಿ, ಜಾರ್ಜಿಯಾ ತನಕ ಓಡಾಡುವ ಅವಕಾಶ ಇದ್ದದ್ದು ಅವರಿಗೆ. ರಾಬರ್ಟ್ ಅಬಟ್ 1905ರಲ್ಲಿ ಶುರುಮಾಡಿದ ‘ಶಿಕಾಗೊ ಡಿಫೆಂಡರ್’ ಪತ್ರಿಕೆಯ ಕಟ್ಟುಗಳನ್ನು ದಕ್ಷಿಣಕ್ಕೆ ಹೊತ್ತು ಹಂಚುತ್ತಿದ್ದವರು ಅವರೇ. ‘ಕ್ರೇಜಿ ಬ್ಲೂಸ್’ ಬಂದಾಗ ಡಜನ್‌ಗಟ್ಟಲೆ ಪ್ಲೇಟು ಕೊಂಡು, ಅಂಗಡಿಯೇ ಇಲ್ಲದ ಊರುಗಳಲ್ಲಿ ನಾಲ್ಕು ಕಾಸು ಮೇಲೆ ಇಟ್ಟು ಮಾರಿದರು. ಉತ್ತರಕ್ಕೆ ಬನ್ನಿ ಅನ್ನುವ ಪತ್ರಿಕೆ, ಉತ್ತರದಲ್ಲಿ ಅಚ್ಚಾದ ಹಾಡು, ಎರಡೂ ಒಂದೇ ಚೀಲದಲ್ಲಿ. ಇದೇ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. ಒಂದು ಜಾಲ ಕಟ್ಟಿಕೊಂಡ ಜನ ಅದನ್ನು ಹಲವು ಕೆಲಸಕ್ಕೆ ಬಳಸುತ್ತಾರೆ.

ಕೊಂಡ ಪ್ಲೇಟು ಒಬ್ಬರ ಮನೆಯಲ್ಲೇ ಇರುತ್ತಿರಲಿಲ್ಲ. ಅಕ್ಕಪಕ್ಕದವರು ಸೇರಿ ಕೇಳುತ್ತಿದ್ದರು. ದಕ್ಷಿಣದ ಒಂದು ಮೂಲೆಯ ಹುಡುಗಿ ಹಾರ್ಲೆಮ್‌ನ ಕಂಠ ಕೇಳಿ ಅದೇ ತರಹ ಹಾಡಲು ಕಲಿತಳು. ಹೀಗೆ ಕಲಿಯೋದಕ್ಕೆ ಓದು ಬೇಕಿರಲಿಲ್ಲ, ಗುರುವೂ ಬೇಕಿರಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಚರ್ಚಿನ ಹಿರಿಯರು ಬ್ಲೂಸನ್ನು ಸೈತಾನನ ಹಾಡು ಅಂದರು. ಬಿಳಿಯರ ಮನೆಗಳಲ್ಲಿ ಓದುವ ‘ಲೇಡೀಸ್ ಹೋಮ್ ಜರ್ನಲ್’ 1921ರ ಆಗಸ್ಟ್‌ನಲ್ಲಿ ಜಾಜ್ ಯುವಜನರ ನಡತೆ ಕೆಡಿಸುತ್ತದೆ ಅಂತ ಲೇಖನ ಹಾಕಿತು. ಅಚ್ಚರಿ ಅಂದರೆ, ಕೆಲವೇ ವರ್ಷಗಳಲ್ಲಿ ಚರ್ಚೂ ಪ್ಲೇಟಿಗೆ ಬಂತು. 1926ರಲ್ಲಿ ಅಟ್ಲಾಂಟಾದ ರೆವರೆಂಡ್ ಜೆ. ಎಂ. ಗೇಟ್ಸ್ ಅವರ ಉಪದೇಶದ ರೆಕಾರ್ಡುಗಳು ಭರ್ಜರಿಯಾಗಿ ಮಾರಾಟವಾದವು.

ಆಮೇಲೆ ನುಗ್ಗಿ ಬಂದವರು

ಗಿರಾಕಿ ಇದ್ದಾರೆ ಅಂತ ಗೊತ್ತಾದ ಮೇಲೆ ಎಲ್ಲ ಕಂಪನಿಗಳೂ ಓಡಿ ಬಂದವು. ಒಕೆ 1921ರಲ್ಲಿ ಕಪ್ಪು ಜನರಿಗೆಂದೇ ಬೇರೆ ಸಾಲು ತೆಗೆಯಿತು. ಕೊಲಂಬಿಯಾ 1923ರ ಫೆಬ್ರವರಿಯಲ್ಲಿ ಬೆಸ್ಸಿ ಸ್ಮಿತ್ ಅವರಿಂದ ‘ಡೌನ್‌ಹಾರ್ಟೆಡ್ ಬ್ಲೂಸ್’ ಹಾಡಿಸಿತು. ಆರು ತಿಂಗಳಲ್ಲಿ 7 ಲಕ್ಷ 80 ಸಾವಿರ ಪ್ಲೇಟು ಹೋಯಿತು ಅನ್ನುತ್ತಾರೆ. ಅದೇ ವರ್ಷದ ಕೊನೆಗೆ ಮಾ ರೇನಿ ಪ್ಯಾರಾಮೌಂಟ್‌ಗೆ ಹಾಡಿದರು. ಪ್ಯಾರಾಮೌಂಟ್ ಅಂದರೆ ಸಿನಿಮಾ ಕಂಪನಿ ಅಲ್ಲ, ವಿಸ್ಕಾನ್ಸಿನ್ ಚೇರ್ ಕಂಪನಿ ಎಂಬ ಕುರ್ಚಿ ಕಾರ್ಖಾನೆಯ ಅಂಗ. ಗ್ರಾಮಫೋನ್ ಆಗ ಮರದ ಪೀಠೋಪಕರಣ. ಅದರ ಪೆಟ್ಟಿಗೆ ಮಾಡುವವರು ಅದರೊಳಗೆ ಹಾಕೋ ಪ್ಲೇಟನ್ನೂ ಮಾಡಿದರು.

ಮೇಮಿಯವರ ತಂಡದಲ್ಲೇ ಪಳಗಿದವರನ್ನು ನೋಡಿ: ಮುಂದೆ ಹೆಸರಾಂತ ಸ್ಯಾಕ್ಸೊಫೋನ್ ವಾದಕರಾದ ಕೋಲ್ಮನ್ ಹಾಕಿನ್ಸ್ ಹುಡುಗನಾಗಿದ್ದಾಗ ಅಲ್ಲಿ ನುಡಿಸಿದರು, ಮುಂದೆ ಡ್ಯೂಕ್ ಎಲಿಂಗ್ಟನ್ ತಂಡಕ್ಕೆ ಹೋದ ಬಬ್ಬರ್ ಮೈಲಿ ಕೂಡ. 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರ್ ತಂಡದ ಜತೆ ಲೂಯಿ ಆರ್ಮ್‌ಸ್ಟ್ರಾಂಗ್ ಇಂಡಿಯಾನಾದ ಜೆನೆಟ್ ಸ್ಟುಡಿಯೊದಲ್ಲಿ ಮೊದಲ ಸಲ ರೆಕಾರ್ಡ್ ಮಾಡಿದರು. ಜೆನೆಟ್ ಅದೇ ದಶಕದಲ್ಲಿ ಕು ಕ್ಲುಕ್ಸ್ ಕ್ಲಾನ್ ಎಂಬ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆಯವರು ದುಡ್ಡು ಕೊಟ್ಟಾಗ ಅವರ ಪ್ಲೇಟುಗಳನ್ನೂ ಒತ್ತಿಕೊಟ್ಟಿತು. ಯಂತ್ರಕ್ಕೆ ತತ್ವ ಇರಲಿಲ್ಲ, ಮಾಲೀಕರಿಗೂ ಇರಲಿಲ್ಲ.

ಮೊದಲ ಐದಾರು ವರ್ಷ ಈ ರೆಕಾರ್ಡುಗಳ ಮುಂಚೂಣಿಯಲ್ಲಿ ಇದ್ದದ್ದು ಹೆಂಗಸರು. ಹೊಡೆಯುವ ಗಂಡ, ಜೈಲು, ಕುಡಿತ, ನೆರೆ, ರೈಲು ಹತ್ತಿ ಹೊರಟುಹೋಗೋದು, ಇವೆಲ್ಲ ಹಾಡಾದವು. ಮಾ ರೇನಿ 1928ರಲ್ಲಿ ಹೆಣ್ಣು ಹೆಣ್ಣನ್ನು ಬಯಸುವ ಬಗ್ಗೆಯೇ ಹಾಡಿದರು. ಕತ್ತರಿಸಿದ ಕೂದಲಿನ ಬಿಳಿಯ ಹುಡುಗಿಯರ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಈ ಹೆಂಗಸರನ್ನು ಅದೇ ಮಾತಿನಲ್ಲಿ ನೆನೆಯೋದು ಕಡಿಮೆ. ಇದು ಸರಿಯಲ್ಲ.

ದುಡ್ಡು ಎಲ್ಲಿ ಹೋಯಿತು

ಬೆಸ್ಸಿ ಸ್ಮಿತ್ ಅವರಿಗೆ ಕೊಲಂಬಿಯಾ ಕೊಟ್ಟದ್ದು ಒಪ್ಪಿಗೆಯಾದ ಒಂದೊಂದು ಹಾಡಿಗೆ 125 ಡಾಲರ್. ರಾಯಲ್ಟಿ ಇಲ್ಲ. ಲಕ್ಷಗಟ್ಟಲೆ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಹಾಡುವವರಿಗೆ ಕೂಲಿ, ಹಾಡಿನ ಹಕ್ಕು ಇಟ್ಟುಕೊಂಡವರಿಗೆ ಆದಾಯ. ಬ್ರಾಡ್‌ಫರ್ಡ್‌ಗೆ ಈ ಗುಟ್ಟು ಗೊತ್ತಿತ್ತು, ಅವರು ತಮ್ಮ ಹಾಡುಗಳ ಹಕ್ಕನ್ನು ಬಿಟ್ಟುಕೊಡಲಿಲ್ಲ.

ಕಂಪನಿಯೇ ನಮ್ಮದಾಗಲಿ ಅಂತ ಹೊರಟವರು ಹ್ಯಾರಿ ಪೇಸ್. ಹ್ಯಾಂಡಿಯವರ ಹಳೆಯ ಪಾಲುದಾರ. 1921ರಲ್ಲಿ ಹಾರ್ಲೆಮ್‌ನಲ್ಲಿ ‘ಬ್ಲ್ಯಾಕ್ ಸ್ವಾನ್’ ಶುರುವಾಯಿತು. ಆಡಳಿತ ಮಂಡಳಿಯಲ್ಲಿ ಕಪ್ಪು ಜನರ ಹೆಸರಾಂತ ಚಿಂತಕ ಡಬ್ಲ್ಯು. ಇ. ಬಿ. ಡು ಬಾಯ್ಸ್, ಸಂಗೀತಕ್ಕೆ ಫ್ಲೆಚರ್ ಹೆಂಡರ್ಸನ್, ಹಾಡಲು ಎಥೆಲ್ ವಾಟರ್ಸ್. ಪೇಸ್ ಅವರಿಗೆ ಕಪ್ಪು ಜನ ಒಪೆರಾ, ಶಾಸ್ತ್ರೀಯ ಸಂಗೀತವನ್ನೂ ಹಾಡಬಲ್ಲರು ಅಂತ ತೋರಿಸುವ ಆಸೆ. ಆ ಆಸೆಗೆ ನನ್ನ ಗೌರವ ಇದೆ. ಆದರೆ ಅದೇ ಆಸೆಯ ಭರದಲ್ಲಿ ಅವರ ಕಂಪನಿ ಬೆಸ್ಸಿ ಸ್ಮಿತ್ ಅವರ ದನಿ ತುಂಬ ಒರಟು ಅಂತ ಬೇಡ ಅಂದಿತು. ಬೆಸ್ಸಿ ಕೊಲಂಬಿಯಾಗೆ ಹೋಗಿ ಆ ಕಂಪನಿಯ ಖಜಾನೆ ತುಂಬಿಸಿದರು. ಬ್ಲ್ಯಾಕ್ ಸ್ವಾನ್ 1923ರ ಕೊನೆಗೆ ದಿವಾಳಿಯಾಯಿತು, ಅದರ ರೆಕಾರ್ಡುಗಳು ಪ್ಯಾರಾಮೌಂಟ್ ಕೈ ಸೇರಿದವು. ಬೆಸ್ಸಿಯವರನ್ನು ಒಪ್ಪಿಕೊಂಡಿದ್ದರೆ ಕಂಪನಿ ಉಳಿಯುತ್ತಿತ್ತಾ? ದೊಡ್ಡವರ ಬಂಡವಾಳ, ರೇಡಿಯೊದ ಪೈಪೋಟಿ ಎರಡೂ ಎದುರಿಗಿದ್ದವು, ಆದ್ದರಿಂದ ಉಳಿಯುತ್ತಿತ್ತು ಅಂತ ಗಟ್ಟಿಯಾಗಿ ಹೇಳಲಾರೆ. ಆದರೆ ಯಾರ ಡಾಲರ್‌ನಿಂದ ಈ ಬಾಗಿಲು ತೆರೆಯಿತೋ ಅವರ ರುಚಿಯನ್ನೇ ಕೀಳು ಅಂದುಕೊಂಡದ್ದು ದುಬಾರಿಯಾಯಿತು.

1929ರ ಕುಸಿತದ ನಂತರ ರೆಕಾರ್ಡ್ ವ್ಯಾಪಾರವೇ ನೆಲಕಚ್ಚಿತು. ಹೆಂಗಸರ ಬ್ಲೂಸ್ ಮೊದಲು ನಿಂತುಹೋಯಿತು. ಮೇಮಿ 1946ರಲ್ಲಿ ತೀರಿಕೊಂಡಾಗ ಅವರ ಕೈಯಲ್ಲಿ ಕಾಸಿರಲಿಲ್ಲ.

ಎರಡು ಕಪಾಟು

ಒಕೆಯ ರಾಲ್ಫ್ ಪಿಯರ್ 1923ರ ಜೂನ್‌ನಲ್ಲಿ ಯಂತ್ರ ಹೊತ್ತು ಅಟ್ಲಾಂಟಾಗೆ ಹೋದರು. ಅಲ್ಲಿ ಕಂಪನಿಯ ಪ್ಲೇಟುಗಳನ್ನು ಮಾರುತ್ತಿದ್ದವರು ಪೀಠೋಪಕರಣ ಅಂಗಡಿಯ ಮನೆತನದ ಪೋಕ್ ಬ್ರಾಕ್‌ಮನ್. ಅವರ ಒತ್ತಾಯಕ್ಕೆ ಪಿಯರ್ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಬಿಳಿಯ ಪಿಟೀಲುಗಾರನನ್ನು ರೆಕಾರ್ಡ್ ಮಾಡಿದರು. ಹಳ್ಳಿಗಾಡಿನ ಬಡ ಬಿಳಿಯರು ಅದನ್ನು ಮುಗಿಬಿದ್ದು ಕೊಂಡರು, ಇಂದು ಕಂಟ್ರಿ ಸಂಗೀತ ಅನ್ನುವ ವ್ಯಾಪಾರ ಅಲ್ಲಿಂದ ಬೆಳೆಯಿತು. ಅದೇ ಪ್ರಯಾಣದಲ್ಲಿ, ಅದೇ ಯಂತ್ರದಲ್ಲಿ ಕಪ್ಪು ಗಾಯಕಿಯರೂ ಹಾಡಿದ್ದರು. ಕ್ಯಾಟಲಾಗಿನಲ್ಲಿ ಮಾತ್ರ ಒಂದು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ.

ದಕ್ಷಿಣದಲ್ಲಿ ಈ ಎರಡೂ ಜನ ಒಬ್ಬರ ರಾಗವನ್ನು ಒಬ್ಬರು ಕೇಳಿಯೇ ಬೆಳೆದಿದ್ದರು. ಕಪ್ಪು ಪಿಟೀಲುಗಾರರಿದ್ದರು, ಬ್ಲೂಸ್ ಹಾಡುವ ಬಿಳಿಯರಿದ್ದರು. ಕಂಪನಿಗಳು ಅದನ್ನು ಬಣ್ಣ ನೋಡಿ ಎರಡು ಕಪಾಟಿಗೆ ಹಾಕಿದವು. ಪಿಟೀಲು ಹಿಡಿದ ಕಪ್ಪು ಮನುಷ್ಯನಿಗೆ, ನೀನು ಬ್ಲೂಸ್ ಹಾಡು, ಅದೇ ನಿನ್ನ ಕಡೆಯದು ಅಂದರು. ಹೀಗೆ ‘ಕ್ರೇಜಿ ಬ್ಲೂಸ್’ ಕಪ್ಪು ಗಿರಾಕಿಯನ್ನು ಎಲ್ಲರ ಕಣ್ಣಿಗೆ ಕಾಣಿಸಿದ್ದೂ ನಿಜ, ಆ ಗಿರಾಕಿಗೆ ಬೇರೆ ಕಪಾಟು ಕಟ್ಟಿಸಿದ್ದೂ ನಿಜ. ‘ರೇಸ್ ರೆಕಾರ್ಡ್ಸ್’ (ಜನಾಂಗದ ರೆಕಾರ್ಡುಗಳು) ಎಂಬ ಆ ಕಪಾಟಿನ ಹೆಸರು ವ್ಯಾಪಾರದಲ್ಲಿ ದಶಕಗಳ ಕಾಲ ನಡೆಯಿತು. ‘ಬಿಲ್‌ಬೋರ್ಡ್’ ಪತ್ರಿಕೆ ತನ್ನ ಪಟ್ಟಿಯಿಂದ ಅದನ್ನು ತೆಗೆದು ‘ರಿದಮ್ ಅಂಡ್ ಬ್ಲೂಸ್’ ಅಂತ ಹಾಕಿದ್ದು 1949ರಲ್ಲಿ. ಹೆಸರು ಬದಲಾದರೂ ಕಪ್ಪು ಜನರ ಸಂಗೀತಕ್ಕೆ ಪಟ್ಟಿ ಬೇರೆಯಾಗಿಯೇ ಮುಂದುವರಿಯಿತು.